ಗುಡ್ಡದ ಮೇಲಿನ ವಿದ್ಯಾಸಂಸ್ಥೆಗೆ 24 ಪೋರ್ಟಿನ ಡಿಸ್‌ಲ್ಯಾಮ್: ಕೊಳ್ಳುವ ಮುನ್ನ ಏನೇನು ನೋಡಬೇಕು?

ಪೆರ್ಲ ದಾರಿ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಗುಡ್ಡದ ಮೇಲಿರುವ ಒಂದು ವಿದ್ಯಾಸಂಸ್ಥೆಯ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಕಂಪ್ಯೂಟರ್, ಪ್ರಿಂಟರ್, ಇಂಟರ್‌ಕಾಮ್ ಎಲ್ಲದರ ಹೊಣೆಯೂ ನನ್ನದೇ. ಕಚೇರಿಗೆ 200 ಎಂಬಿಪಿಎಸ್ ಫೈಬರ್ ಸಂಪರ್ಕ ಬಂದಿದೆ. ಆದರೆ ಅದು ಕಚೇರಿಯ ಗೋಡೆ ದಾಟಿ ಹೊರಗೆ ಹೋಗಿಲ್ಲ. ಹಾಸ್ಟೆಲ್ ಗುಡ್ಡದ ಕೆಳಗೆ 250 ಮೀಟರ್ ದೂರದಲ್ಲಿದೆ. ಅಧ್ಯಾಪಕರ ವಸತಿಗಳು 700ರಿಂದ 900 ಮೀಟರ್. ಅಡಿಕೆ ತೋಟದ ಆಚೆಗಿನ ಅತಿಥಿಗೃಹಕ್ಕೆ ಕೇಬಲಿನ ದಾರಿಯಲ್ಲಿ ಸುಮಾರು 1.3 ಕಿಲೋಮೀಟರ್.

ಈ ಎಲ್ಲ ಕಡೆಗೂ ಇಂಟರ್‌ಕಾಮ್‌ಗಾಗಿ ಹಿಂದೆ ಹೂತಿಟ್ಟ, ಜೆಲ್ಲಿ ತುಂಬಿದ ತಾಮ್ರದ ಕೇಬಲ್ ಇದೆ. ಇಪ್ಪತ್ತು ಚಿಲ್ಲರೆ ಲೈನಿನ ಫೋನುಗಳು ಇಂದಿಗೂ ಸರಿಯಾಗಿ ಕೆಲಸ ಮಾಡುತ್ತವೆ. ಅದೇ ತಂತಿಯಲ್ಲಿ ಇಂಟರ್‌ನೆಟ್ ಹರಿಸಬಹುದು ಎಂದು ಮಂಗಳೂರಿನ ಹಳೆಯ ಉಪಕರಣಗಳ ವ್ಯಾಪಾರಿಯೊಬ್ಬರು ಹೇಳಿ ಎರಡು ಡಿಸ್‌ಲ್ಯಾಮ್‌ಗಳನ್ನು ತೋರಿಸಿದರು. ಹಲವು ಫೋನ್ ತಂತಿಗಳ ಮೇಲೆ ಒಟ್ಟಿಗೆ ಡಿಎಸ್‌ಎಲ್ ಇಂಟರ್‌ನೆಟ್ ಹರಿಸುವ ಪೆಟ್ಟಿಗೆಗೆ ಡಿಸ್‌ಲ್ಯಾಮ್ ಎನ್ನುತ್ತಾರೆ; ಎಡಿಎಸ್‌ಎಲ್2+, ವಿಡಿಎಸ್‌ಎಲ್2 ಎಂಬವು ಡಿಎಸ್‌ಎಲ್‌ನ ಎರಡು ಬಗೆಗಳು. ಒಂದು, ರ್‍ಯಾಕಿನಲ್ಲಿ ಒಂದೇ ಯೂನಿಟ್ ಎತ್ತರ ಹಿಡಿಯುವ 24 ಪೋರ್ಟಿನ ಎಡಿಎಸ್‌ಎಲ್2+ ಪೆಟ್ಟಿಗೆ. ನೇರ 230 ವೋಲ್ಟಿನಲ್ಲಿ ನಡೆಯುತ್ತದೆ. ಇನ್ನೊಂದು, ಕಾರ್ಡುಗಳನ್ನು ಸಿಕ್ಕಿಸುವ ದೊಡ್ಡ ಚಾಸಿ. ವಿಡಿಎಸ್‌ಎಲ್2 ಕಾರ್ಡುಗಳಿವೆ, ಆದರೆ ಮೈನಸ್ 48 ವೋಲ್ಟ್ ಡಿಸಿ ಮಾತ್ರ. ವಿವರಪಟ್ಟಿಯಲ್ಲಿ ಸೆಲ್ಟ್, ಮೆಲ್ಟ್, ಕೆ.20, ಒಳಗೇ ಇರುವ ಸ್ಪ್ಲಿಟರ್ ಎಂದೆಲ್ಲ ಬರೆದಿದೆ. ಇವುಗಳಲ್ಲಿ ಯಾವುದು ನಮಗೆ ಬೇಕು, ಯಾವುದು ಬೇಡ? ತಿಳಿದವರು ದಯವಿಟ್ಟು ಹೇಳಿ.

ಉಪ್ಪಳ ಫೈಬರ್

ನಾನು ಕೇಬಲ್ ಮತ್ತು ಫೈಬರ್ ಸೇವೆಯ ಕೆಲಸದಲ್ಲಿರುವವನು. ನೇರವಾಗಿ ಹೇಳುತ್ತೇನೆ: ತಾಮ್ರಕ್ಕೆ ಇನ್ನು ಹಣ ಹಾಕಬೇಡಿ. ಒಂದೇ ಫೈಬರನ್ನು ಹಲವು ಕಡೆಗೆ ಹಂಚುವ ಜಿಪಾನ್ ವ್ಯವಸ್ಥೆ ಹಾಕಿದರೆ ಒಂದು ಎಳೆ ಫೈಬರಿನಲ್ಲಿ ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ 1.25 ಗಿಗಾಬಿಟ್ ಸಿಗುತ್ತದೆ. 20 ಕಿಲೋಮೀಟರ್ ವರೆಗೂ ನಡುವೆ ಎಲ್ಲಿಯೂ ವಿದ್ಯುತ್ ಬೇಡ. ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ. ನಿಮ್ಮ 1.3 ಕಿಲೋಮೀಟರ್ ಅದಕ್ಕೆ ದೂರವೇ ಅಲ್ಲ. ಹಳೆಯ ಡಿಸ್‌ಲ್ಯಾಮ್‌ಗೆ ಬಿಡಿ ಭಾಗ ಸಿಗುವುದಿಲ್ಲ, ತಯಾರಕರು ಅದರೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಕೊಡುವುದನ್ನು ನಿಲ್ಲಿಸಿ ಕಾಲವಾಗಿದೆ.

ಪೆರ್ಲ ದಾರಿ

ನಿಮ್ಮ ಮಾತು ಒಪ್ಪತಕ್ಕದ್ದೇ. ಹಾಸ್ಟೆಲ್‌ಗೆ ಫೈಬರ್ ಎಳೆಯಬೇಕೆಂದು ಆಡಳಿತ ಮಂಡಳಿಯಲ್ಲಿ ಮಾತು ನಡೆದಿದೆ. ವಸತಿಗಳ ಕಡೆಯದೇ ತೊಂದರೆ. ಅರ್ಧ ದಾರಿ ಗಟ್ಟಿ ಮುರಕಲ್ಲು. ಚರಂಡಿ ತೋಡಲು ಯಂತ್ರ ತರಿಸಬೇಕು, ತೋಟದೊಳಗೆ ಯಂತ್ರ ಇಳಿಯುವುದಿಲ್ಲ. ಕಂಬದ ಮೇಲೆ ಎಳೆದರೆ ಮಳೆಗಾಲದಲ್ಲಿ ತೆಂಗಿನ ಮಡಲು, ಹಲಸಿನ ಕೊಂಬೆ ಬಿದ್ದು ತುಂಡಾಗುವುದು ಖಂಡಿತ. ಕಳೆದ ಮಳೆಗಾಲದಲ್ಲಿ ಬರೆ ಜರಿದು ವಿದ್ಯುತ್ ಕಂಬವೇ ಮಲಗಿತ್ತು. ಹೂತ ತಾಮ್ರ ಮಾತ್ರ ಅಲುಗಲಿಲ್ಲ. ಆದ್ದರಿಂದ ವಸತಿ ಮತ್ತು ಅತಿಥಿಗೃಹಕ್ಕೆ ಕೆಲವು ವರ್ಷದ ಮಟ್ಟಿಗಾದರೂ ಇದ್ದ ತಂತಿಯನ್ನೇ ಬಳಸುವ ಯೋಚನೆ.

ಹೊಸದುರ್ಗ ಹಳಬ

ನಾನು ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ದುಡಿದು ನಿವೃತ್ತನಾದವನು. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಹೇಳಿತು. 2005ರ ಜನವರಿ 14ರಂದು ಬಿಎಸ್‌ಎನ್‌ಎಲ್ ಡಿಎಸ್‌ಎಲ್ ಸೇವೆ ಆರಂಭಿಸಿತು. ಆಮೇಲಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ವಿನಿಮಯ ಕೇಂದ್ರಗಳಲ್ಲಿ ಈ ಪೆಟ್ಟಿಗೆಗಳ ಜೊತೆಗೇ ನಮ್ಮ ಹಗಲು ರಾತ್ರಿಗಳು ಕಳೆದವು. ಅದರಿಂದ ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ನೆಲದಲ್ಲಿ ಡಿಸ್‌ಲ್ಯಾಮ್ ಕೊಳ್ಳುವವರು ವೇಗದ ಅಂಕಿಯನ್ನು ಕೊನೆಗೆ ನೋಡಬೇಕು. ವಿದ್ಯುತ್ ಎಲ್ಲಿಂದ ತೆಗೆದುಕೊಳ್ಳುತ್ತದೆ, ಸಿಡಿಲನ್ನು ಹೇಗೆ ತಾಳುತ್ತದೆ, ಬಿಸಿಯನ್ನು ಹೇಗೆ ಹೊರಹಾಕುತ್ತದೆ, ತಂತಿ ಕೆಟ್ಟಾಗ ನಮಗೆ ಹೇಗೆ ತಿಳಿಸುತ್ತದೆ, ಈ ನಾಲ್ಕು ಸರಿಯಿದ್ದರೆ ವೇಗ ತಾನಾಗಿ ಬರುತ್ತದೆ.

ವಿದ್ಯುತ್ತಿನಿಂದಲೇ ಶುರು ಮಾಡೋಣ. ಮೈನಸ್ 48 ವೋಲ್ಟ್ ಎಂದರೆ ಗಾಬರಿಯಾಗಬೇಡಿ. ಟೆಲಿಫೋನ್ ಕೇಂದ್ರಗಳು ಮೊದಲಿನಿಂದಲೂ ಬ್ಯಾಟರಿಯ ಮೇಲೆ ನಿಂತವು, ಅದರ ಧನ ತುದಿಯನ್ನು ಭೂಮಿಗೆ ಜೋಡಿಸುತ್ತಿದ್ದರು. ಹಾಗೆ ಮಾಡಿದಾಗ ನೆಲದೊಳಗಿನ ತಾಮ್ರ ಭೂಮಿಗಿಂತ ಋಣ ಮಟ್ಟದಲ್ಲಿರುತ್ತದೆ, ತೇವ ತಗಲಿದಲ್ಲಿ ವಿದ್ಯುದ್ವಿಭಜನೆಯಿಂದ ತಂತಿ ಸವೆಯುವುದು ತಪ್ಪುತ್ತದೆ. ವರ್ಷದಲ್ಲಿ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಮ್ಮ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ನಿಮಗೆ 12 ವೋಲ್ಟಿನ ನಾಲ್ಕು ಮುಚ್ಚಿದ ಬ್ಯಾಟರಿಗಳ ಸರಣಿ ಮತ್ತು ಎಸಿಯನ್ನು ಡಿಸಿ ಮಾಡುವ ಒಂದು 48 ವೋಲ್ಟ್ ರೆಕ್ಟಿಫೈಯರ್ ಸಾಕು. ಸದಾ ಚಾರ್ಜ್‌ನಲ್ಲಿರುವಾಗ ಸರಣಿಯ ಒತ್ತಡ 54 ವೋಲ್ಟ್ ಸುತ್ತಮುತ್ತ ಇರುತ್ತದೆ. ದೂರಸಂಪರ್ಕ ಉಪಕರಣಗಳು ಸಾಮಾನ್ಯವಾಗಿ 40.5ರಿಂದ 57 ವೋಲ್ಟ್ ವರೆಗೆ ತಾಳುವಂತೆ ರೂಪುಗೊಂಡಿರುತ್ತವೆ, ಆದ್ದರಿಂದ ಬ್ಯಾಟರಿ ಇಳಿಯುತ್ತ ಹೋದರೂ ಪೆಟ್ಟಿಗೆ ನಿಲ್ಲುವುದಿಲ್ಲ. 24 ಪೋರ್ಟಿನ ಪೆಟ್ಟಿಗೆ 50 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ ಅದು ಒಂದು ಆಂಪಿಯರ್ ಚಿಲ್ಲರೆ. 26 ಆಂಪಿಯರ್ ಗಂಟೆಯ ಸರಣಿ ರಾತ್ರಿಯಿಡೀ ನಡೆಸಿ ಬೆಳಗ್ಗೆಯೂ ಉಳಿಯುತ್ತದೆ. 230 ವೋಲ್ಟ್ ಪೆಟ್ಟಿಗೆಯನ್ನು ಯುಪಿಎಸ್‌ಗೆ ಕಟ್ಟಿದರೆ ಬ್ಯಾಟರಿಯ ಡಿಸಿ ಒಮ್ಮೆ ಎಸಿಯಾಗಿ, ಪೆಟ್ಟಿಗೆಯೊಳಗೆ ಮತ್ತೆ ಡಿಸಿಯಾಗಬೇಕು. ಎರಡು ಸಲವೂ ನಷ್ಟ, ಎರಡು ಸಲವೂ ಬಿಸಿ. ಕೆಲವು ಒಂದು ಯೂನಿಟ್ ಪೆಟ್ಟಿಗೆಗಳಲ್ಲಿ ಎಸಿ, ಡಿಸಿ ಎರಡೂ ಪ್ರವೇಶಗಳಿರುತ್ತವೆ. ಅಂಥದ್ದು ಸಿಕ್ಕಿದರೆ ಬಿಡಬೇಡಿ. ಸಿಕ್ಕಿಸುವ ಮುನ್ನ ಧನ ಯಾವುದು, ಋಣ ಯಾವುದು ಎಂಬುದನ್ನು ಮೀಟರ್ ಹಿಡಿದು ಖಚಿತಪಡಿಸಿಕೊಳ್ಳಿ. ತಂತಿಯ ಬಣ್ಣವನ್ನು ನಂಬಬೇಡಿ.

ಬ್ಯಾಟರಿಯ ಬಗ್ಗೆ ಇನ್ನೊಂದು ಮಾತು. ಮುಚ್ಚಿದ ಸೀಸದ ಬ್ಯಾಟರಿಯ ಆಯುಷ್ಯದ ಲೆಕ್ಕವೆಲ್ಲ 25 ಡಿಗ್ರಿ ಉಷ್ಣತೆಯದ್ದು. ಅದಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚಾದರೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಒಪ್ಪಿದ ಲೆಕ್ಕ. ಹಂಚಿನ ಮಾಡಿನ ಕೆಳಗಿನ ಅಟ್ಟದಲ್ಲಿ ಬ್ಯಾಟರಿ ಇಡುವ ಯೋಚನೆ ಇದ್ದರೆ ಕೈಬಿಡಿ. ನೆಲಮಾಳಿಗೆಯ ಒಣ ಮೂಲೆ ಒಳ್ಳೆಯದು.

ಚಾಸಿ ನಿಮಗೆ ಬೇಡವೇ ಬೇಡ. ದೊಡ್ಡ ಚಾಸಿಯ ಚೆಂದವೆಲ್ಲ ದೊಡ್ಡ ಕೇಂದ್ರದಲ್ಲಿ: ವಿದ್ಯುತ್ ಇರುವಾಗಲೇ ಒಂದು ಕಾರ್ಡನ್ನು ಕಳಚಿ ಇನ್ನೊಂದನ್ನು ಹಾಕಬಹುದು, ನಿಯಂತ್ರಣ ಕಾರ್ಡು ಎರಡಿದ್ದು ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ, ಒಂದೊಂದು ಕಾರ್ಡಿನಲ್ಲಿ 32, 48, 64 ಲೈನು. ನಿಮ್ಮ ಇಪ್ಪತ್ತು ಚಿಲ್ಲರೆ ಲೈನಿಗೆ ಅದರ ಫ್ಯಾನು ಮತ್ತು ನಿಯಂತ್ರಣ ಕಾರ್ಡುಗಳೇ ನಿಮ್ಮ ವಿದ್ಯುತ್ತನ್ನು ತಿಂದುಹಾಕುತ್ತವೆ. ಇನ್ನೂ ಒಂದು ತೊಡಕಿದೆ. ಕೆಲವು ಚಾಸಿಗಳು ಯೂರೋಪಿನ 21 ಅಂಗುಲದ ಚೌಕಟ್ಟಿಗೆ ಹೇಳಿ ಮಾಡಿಸಿದವು, ನಿಮ್ಮ ಕಚೇರಿಯ 19 ಅಂಗುಲದ ರ್‍ಯಾಕಿನಲ್ಲಿ ಕೂರುವುದಿಲ್ಲ.

ಮುಳ್ಳೇರಿಯ ತೋಟ

ತಾಂತ್ರಿಕ ವಿಷಯ ನನಗೆ ಅಷ್ಟು ತಿಳಿಯದು. ಆದರೆ ಸಿಡಿಲಿನ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಮೊದಲಿನ ಗುಡುಗು ಒಂದು ಸಲ, ಮತ್ತೆ ಅಕ್ಟೋಬರ್-ನವೆಂಬರಿನ ತುಲಾ ತಿಂಗಳ ಸಂಜೆಯ ಗುಡುಗು ಇನ್ನೊಂದು ಸಲ. ಗುಡ್ಡದ ಮೇಲಿನ ಮನೆಯವರಿಗೆ ಈ ಎರಡು ಕಾಲದಲ್ಲಿ ನೆಮ್ಮದಿ ಇಲ್ಲ. ನಮ್ಮ ಮನೆಯಲ್ಲಿ ಮೋಡೆಮ್ ಸುಟ್ಟದ್ದು ವಿದ್ಯುತ್ತಿನ ಕಡೆಯಿಂದ ಅಲ್ಲ, ಫೋನಿನ ತಂತಿಯ ಕಡೆಯಿಂದ. ಪ್ಲಗ್ ಕಿತ್ತಿಟ್ಟಿದ್ದೆವು, ಫೋನಿನ ತಂತಿ ಕಿತ್ತಿರಲಿಲ್ಲ. ಇಪ್ಪತ್ತು ಲೈನು ಒಂದೇ ಪೆಟ್ಟಿಗೆಗೆ ಬಂದು ಸೇರುವುದಾದರೆ ಇಪ್ಪತ್ತು ದಾರಿಯಿಂದ ಸಿಡಿಲು ಬರುತ್ತದಲ್ಲವೇ? ಅದಕ್ಕೆ ಏನು ಮಾಡುತ್ತಾರೆ?

ಹೊಸದುರ್ಗ ಹಳಬ

ತೋಟದವರೇ, ಈ ಚರ್ಚೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ.

ರಕ್ಷಣೆ ಎರಡು ಹಂತದಲ್ಲಿರಬೇಕು. ಮೊದಲನೆಯದು ಎಂಡಿಎಫ್‌ನಲ್ಲಿ, ಎಂದರೆ ಹೊರಗಿನ ಕೇಬಲ್ ಬಂದು ಕೊನೆಗೊಳ್ಳುವ ಚೌಕಟ್ಟಿನಲ್ಲಿ. ಅಲ್ಲಿ ಪ್ರತಿ ತಂತಿ ಜೋಡಿಗೂ ಅನಿಲ ತುಂಬಿದ ನಳಿಕೆಯ ರಕ್ಷಕ ಇರಬೇಕು. ಸಾಮಾನ್ಯ ಒತ್ತಡದಲ್ಲಿ ಅದು ಸುಮ್ಮನಿರುತ್ತದೆ. 230 ವೋಲ್ಟ್ ಮಟ್ಟ ದಾಟಿದಾಗ ಒಳಗಿನ ಅನಿಲ ವಾಹಕವಾಗಿ ಹೊಡೆತವನ್ನು ಭೂಮಿಗೆ ಇಳಿಸುತ್ತದೆ. ಮೂರು ತುದಿಯ ನಳಿಕೆ ಆರಿಸಿ, ಎರಡೂ ತಂತಿಗಳು ಒಂದೇ ಕ್ಷಣಕ್ಕೆ ಭೂಮಿಗೆ ಸೇರುತ್ತವೆ. ಎರಡು ಬೇರೆ ಬೇರೆ ನಳಿಕೆಗಳಿದ್ದರೆ ಒಂದು ಮುಂಚೆ, ಇನ್ನೊಂದು ತಡವಾಗಿ ಹೊತ್ತಿಕೊಂಡು ಆ ನಡುವಿನ ಗಳಿಗೆಯ ವ್ಯತ್ಯಾಸವೆಲ್ಲ ಪೆಟ್ಟಿಗೆಯ ಮೇಲೆ ಬೀಳುತ್ತದೆ.

ಎರಡನೆಯದು ಪೆಟ್ಟಿಗೆಯ ಒಳಗೆ, ಪ್ರತಿ ಪೋರ್ಟಿನ ಹಿಂದೆ. ನಿಮ್ಮ ವಿವರಪಟ್ಟಿಯಲ್ಲಿರುವ ಕೆ.20 ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ದೂರಸಂಪರ್ಕ ಕೇಂದ್ರದ ಉಪಕರಣ ಎಷ್ಟು ಹೊಡೆತ ತಾಳಬೇಕು ಎಂಬುದನ್ನು ಹೇಳುತ್ತದೆ. ಬಳಕೆದಾರರ ಮನೆಯ ಉಪಕರಣಕ್ಕೆ ಕೆ.21, ಬೀದಿಬದಿಯ ಪೆಟ್ಟಿಗೆಗಳಲ್ಲಿ ಇಡುವಂಥದ್ದಕ್ಕೆ ಕೆ.45. ನಿಮ್ಮ ಕಚೇರಿ ಹೆಸರಿಗೆ ಒಳಾಂಗಣವಾದರೂ ಗುಡ್ಡದ ತುದಿಯಲ್ಲಿದೆ. ಕೆ.45 ಎಂದು ಬರೆದ ಪೆಟ್ಟಿಗೆ ಸಿಕ್ಕಿದರೆ ಅದಕ್ಕೇ ನನ್ನ ಮತ.

ಇಷ್ಟೆಲ್ಲ ಇದ್ದೂ ಭೂಸಂಪರ್ಕ ಸರಿಯಿಲ್ಲದಿದ್ದರೆ ವ್ಯರ್ಥ. ಮುರಕಲ್ಲಿನ ಗುಡ್ಡ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತಿಗೆ ದಾರಿಯನ್ನೇ ಕೊಡುವುದಿಲ್ಲ. ಮೊದಲ ಗುಡುಗು ಬರುವುದೂ ಅದೇ ಹೊತ್ತಿಗೆ. ಎಂಡಿಎಫ್‌ನ ಭೂಮಿ, ರ್‍ಯಾಕಿನ ಭೂಮಿ, ಬ್ಯಾಟರಿಯ ಧನ ತುದಿ, ಕಟ್ಟಡದ ವಿದ್ಯುತ್ ಭೂಮಿ, ಇವೆಲ್ಲ ಒಂದೇ ತಾಮ್ರದ ಪಟ್ಟಿಗೆ ಬಂದು ಸೇರಬೇಕು. ಒಂದೊಂದಕ್ಕೆ ಒಂದೊಂದು ಗುಂಡಿ ತೋಡಿ ಬೇರೆ ಬೇರೆ ಇಟ್ಟರೆ, ಸಿಡಿಲು ಬಡಿದಾಗ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಸಾವಿರಾರು ವೋಲ್ಟ್ ಏಳುತ್ತದೆ, ಪೆಟ್ಟಿಗೆ ಆ ನಡುವೆ ಸಿಕ್ಕಿಕೊಳ್ಳುತ್ತದೆ. ಪತ್ತನಾಜೆಗೆ ಮೊದಲೇ ಈ ಕೆಲಸ ಮುಗಿಸಿ, ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿಸುವ ರೂಢಿ ಇಟ್ಟುಕೊಳ್ಳಿ. ಪೆಟ್ಟಿಗೆಯ ಮೈಮೇಲೆ ಭೂಮಿಯ ಗುರುತಿರುವ ಒಂದು ತಿರುಪು ಇರುತ್ತದೆ. ಅದನ್ನು ಖಾಲಿ ಬಿಟ್ಟ ರ್‍ಯಾಕ್‌ಗಳನ್ನು ಕಂಡಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಕುಂಬಳೆ ಕಡಲು

ಹಳಬರು ತಂತಿಯ ಕಡೆಯದನ್ನು ಹೇಳಿದರು. ನಾನು ಮಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವವಳು. ಇನ್ನೊಂದು ಬದಿಯದನ್ನು, ಎಂದರೆ ಪೆಟ್ಟಿಗೆಯಿಂದ ಕಚೇರಿಯ ಜಾಲಕ್ಕೆ ಹೋಗುವ ಅಪ್‌ಲಿಂಕ್ ಕಡೆಯದನ್ನು ಹೇಳುತ್ತೇನೆ.

ಹಳೆಯ ತಲೆಮಾರಿನ ಡಿಸ್‌ಲ್ಯಾಮ್‌ಗಳು ಮೇಲ್ಮುಖವಾಗಿ, ದತ್ತಾಂಶವನ್ನು ಸಣ್ಣ ತುಣುಕುಗಳಾಗಿ ಸಾಗಿಸುವ ಎಟಿಎಂ ಎಂಬ ಹಳೆಯ ಬಗೆಯ ಜಾಲಕ್ಕೆ ಸೇರುತ್ತಿದ್ದವು. ಅಂಥದ್ದನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಮುಟ್ಟಬೇಡಿ, ನಿಮ್ಮ ಕಚೇರಿಯ ನೆಟ್‌ವರ್ಕ್ ಸ್ವಿಚ್ಚಿಗೆ ಜೋಡಿಸಲು ಬರುವುದಿಲ್ಲ. ಐಪಿ ಡಿಸ್‌ಲ್ಯಾಮ್ ಬೇಕು. ಎಡಿಎಸ್‌ಎಲ್ ಲೈನಿನ ಮೇಲೆ ದತ್ತಾಂಶ ಈಗಲೂ 53 ಬೈಟಿನ ಎಟಿಎಂ ತುಣುಕುಗಳಾಗಿ ಹೋಗುತ್ತದೆ, ಅದರಲ್ಲಿ 5 ಬೈಟ್ ಬರೀ ತಲೆಬರಹ. ಆ ತುಣುಕುಗಳನ್ನು ಸೇರಿಸಿ ಈಥರ್‌ನೆಟ್ ಚೌಕಟ್ಟು ಮಾಡುವ ಕೆಲಸವನ್ನು ಐಪಿ ಡಿಸ್‌ಲ್ಯಾಮ್ ತಾನೇ ಮಾಡುತ್ತದೆ. ಮೋಡೆಮ್‌ನಲ್ಲಿ ವಿಪಿಐ, ವಿಸಿಐ ಎಂದು 0 ಮತ್ತು 35 ತುಂಬುತ್ತೇವಲ್ಲ, ಅದು ಈ ತುಣುಕುಗಳ ವಿಳಾಸ. ವಿಡಿಎಸ್‌ಎಲ್2ರಲ್ಲಿ ಸಾಮಾನ್ಯವಾಗಿ ಈಥರ್‌ನೆಟ್ ಚೌಕಟ್ಟುಗಳೇ ಹೋಗುತ್ತವೆ, ಆ ಹೊರೆ ಇಲ್ಲ.

ಅಪ್‌ಲಿಂಕ್ ಪೋರ್ಟ್ ಗಿಗಾಬಿಟ್ಟೇ ಎಂದು ನೋಡಿ. 24 ಲೈನುಗಳೂ ಎಡಿಎಸ್‌ಎಲ್2+ನ ತುತ್ತತುದಿಯ 24 ಎಂಬಿಪಿಎಸ್‌ನಲ್ಲಿ ಓಡಿದರೂ ಒಟ್ಟು 576 ಎಂಬಿಪಿಎಸ್, ಗಿಗಾಬಿಟ್ಟಿನೊಳಗೆ ಆರಾಮವಾಗಿ ಹಿಡಿಯುತ್ತದೆ. ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ಅಪ್‌ಲಿಂಕ್ 100 ಎಂಬಿಪಿಎಸ್ ಮಾತ್ರ. ನಿಮ್ಮ ಫೈಬರಿನ 200ರಲ್ಲಿ ಅರ್ಧ ಅಲ್ಲಿಯೇ ನಿಲ್ಲುತ್ತದೆ. ತಾಮ್ರದ ಗಿಗಾಬಿಟ್ ಪೋರ್ಟಿನ ಜೊತೆ ಫೈಬರ್ ಸಿಕ್ಕಿಸುವ ಎಸ್‌ಎಫ್‌ಪಿ ಗೂಡೂ ಇರಲಿ. ಡಿಸ್‌ಲ್ಯಾಮ್ ಮತ್ತು ನಿಮ್ಮ ಸ್ವಿಚ್ಚಿನ ನಡುವೆ ಒಂದು ತುಂಡು ಫೈಬರ್ ಹಾಕಿದರೆ, ತಂತಿಯ ಕಡೆಯಿಂದ ನುಗ್ಗಿದ ಸಿಡಿಲು ಸರ್ವರ್ ವರೆಗೆ ಬರುವ ಒಂದು ದಾರಿ ಮುಚ್ಚುತ್ತದೆ. ಎರಡು ಮೀಟರ್ ಫೈಬರಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತಿಳಿಯದು.

ಒಂದು ಪೋರ್ಟಿನವರಿಗೆ ಇನ್ನೊಂದು ಪೋರ್ಟಿನ ಕಂಪ್ಯೂಟರ್ ಕಾಣದಂತೆ ಬೇರ್ಪಡಿಸುವ ಸೌಲಭ್ಯ ಇರಲೇಬೇಕು. ನಿರ್ವಹಣೆಗೆ ಪ್ರತ್ಯೇಕ ಈಥರ್‌ನೆಟ್ ಪೋರ್ಟ್ ಮತ್ತು ಕಂಪ್ಯೂಟರನ್ನು ನೇರ ಜೋಡಿಸುವ ಸೀರಿಯಲ್ ಕನ್ಸೋಲ್ ಪೋರ್ಟ್ ಎರಡೂ ಇರುವುದನ್ನು ಖಚಿತಪಡಿಸಿಕೊಳ್ಳಿ. ಹಳೆಯ ಪೆಟ್ಟಿಗೆ ಕೈಗೆ ಬಂದಾಗ ಹಿಂದಿನ ಮಾಲೀಕರ ಗುಪ್ತಪದ ಯಾರಿಗೂ ನೆನಪಿರುವುದಿಲ್ಲ. ಕನ್ಸೋಲ್ ಇಲ್ಲದಿದ್ದರೆ ಒಳಗೆ ಹೋಗುವ ದಾರಿಯೇ ಇಲ್ಲ. ಉಪ್ಪಳದವರು ಹೇಳಿದ ಫರ್ಮ್‌ವೇರ್ ಮಾತು ನಿಜ. ಅದಕ್ಕಾಗಿಯೇ ನಿರ್ವಹಣೆಯ ಪೋರ್ಟನ್ನು ಉಳಿದವರಿಂದ ಬೇರ್ಪಡಿಸಿದ ಜಾಲದಲ್ಲಿ, ಎಂದರೆ ಪ್ರತ್ಯೇಕ ವಿಎಲ್ಯಾನ್‌ನಲ್ಲಿ ಕಟ್ಟಿಹಾಕಿ, ಹೊರಗಿನ ಇಂಟರ್‌ನೆಟ್‌ಗೆ ಅದು ಕಾಣಲೇಬಾರದು.

ಉಪ್ಪಳ ಫೈಬರ್

24 ಎಂಬಿಪಿಎಸ್ ಎಂದು ಬರೆಯುತ್ತೀರಿ. 1.3 ಕಿಲೋಮೀಟರಿನಲ್ಲಿ ಅದು ನಿಜವಾಗಿ ಸಿಗುತ್ತದೆಯೇ? ವಿಡಿಎಸ್‌ಎಲ್2 ನೂರು ಎಂಬಿಪಿಎಸ್ ಎನ್ನುತ್ತಾರೆ, ಮುನ್ನೂರು ಮೀಟರ್ ದಾಟಿದ ಕೂಡಲೇ ಇಳಿಯುತ್ತದೆ. ಅಷ್ಟೇ ಅಲ್ಲ, ಒಂದೇ ಕೇಬಲಿನಲ್ಲಿ ಹತ್ತು ಲೈನು ಓಡಿದರೆ ಒಂದರ ಸಂಕೇತ ಇನ್ನೊಂದಕ್ಕೆ ಸೋರುತ್ತದೆ. ಜನರಿಗೆ ಕಾಗದದ ಅಂಕಿ ಹೇಳಿ ಆಸೆ ಹುಟ್ಟಿಸಬಾರದು.

ಹೊಸದುರ್ಗ ಹಳಬ

ಒಳ್ಳೆಯ ಎಚ್ಚರಿಕೆ. ಲೆಕ್ಕವನ್ನು ಬಿಚ್ಚಿಯೇ ಹೇಳುತ್ತೇನೆ.

ಎಡಿಎಸ್‌ಎಲ್ ತಂತಿಯ ಮೇಲಿನ ಆವರ್ತನವನ್ನು 4.3125 ಕಿಲೋಹರ್ಟ್ಸ್ ಅಗಲದ ಸಣ್ಣ ಸಣ್ಣ ಓಣಿಗಳಾಗಿ ಹಂಚುತ್ತದೆ. 1999ರ ಮೊದಲ ಅಂತರರಾಷ್ಟ್ರೀಯ ಎಡಿಎಸ್‌ಎಲ್ ಮಾನಕದಲ್ಲಿ 256 ಓಣಿ, 1.1 ಮೆಗಾಹರ್ಟ್ಸ್ ವರೆಗೆ. 2003ರ ಎಡಿಎಸ್‌ಎಲ್2+ನಲ್ಲಿ 512 ಓಣಿ, 2.2 ಮೆಗಾಹರ್ಟ್ಸ್ ವರೆಗೆ. 2006ರ ವಿಡಿಎಸ್‌ಎಲ್2ರಲ್ಲಿ 17ಎ ಎಂಬ ಮಾದರಿ 17.6 ಮೆಗಾಹರ್ಟ್ಸ್ ವರೆಗೆ ಏರುತ್ತದೆ. ಆವರ್ತನ ಏರಿದಷ್ಟೂ ತಾಮ್ರ ಅದನ್ನು ಬೇಗ ನುಂಗುತ್ತದೆ. ಹೀಗಾಗಿ ಮೇಲಿನ ಓಣಿಗಳು ಹತ್ತಿರದವರಿಗೆ ಮಾತ್ರ. ದೂರ ಹೋದಂತೆ ಒಂದೊಂದಾಗಿ ಮುಚ್ಚುತ್ತವೆ. 250 ಮೀಟರಿನ ಹಾಸ್ಟೆಲ್‌ಗೆ ವಿಡಿಎಸ್‌ಎಲ್2 ಬಹಳ ಚೆನ್ನಾಗಿ ಓಡುತ್ತದೆ. 900 ಮೀಟರಿನಲ್ಲಿ ಅದರ ಮೂರನೆಯ ಒಂದು ಪಾಲು ಸಿಕ್ಕಿದರೆ ತೃಪ್ತಿ ಪಡಬೇಕು. 1.3 ಕಿಲೋಮೀಟರಿನ ಅತಿಥಿಗೃಹಕ್ಕೆ ಎರಡರ ನಡುವೆ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ, ಎಡಿಎಸ್‌ಎಲ್2+ನಲ್ಲಿ ತಂತಿ ಒಳ್ಳೆಯದಿದ್ದರೆ 15ರಿಂದ 20 ಎಂಬಿಪಿಎಸ್ ನಿರೀಕ್ಷಿಸಬಹುದು. ಪೋರ್ಟಿನಿಂದ ಪೋರ್ಟಿಗೆ ಯಾವ ಮಾನಕ ಬೇಕೋ ಅದನ್ನು ಆರಿಸಬಹುದಾದ ಪೆಟ್ಟಿಗೆಯನ್ನೇ ಕೇಳಿ.

ಸೋರಿಕೆಯ ಮಾತು ಸರಿ. ಒಂದೇ ಜಗಲಿಯಲ್ಲಿ ಹಲವರು ಒಟ್ಟಿಗೆ ಗಟ್ಟಿಯಾಗಿ ಮಾತಾಡಿದಾಗ ಎದುರಿನವರ ಮಾತು ಕೇಳದಂತೆ ಇದು. 2010ರಲ್ಲಿ ವೆಕ್ಟರಿಂಗ್ ಎಂಬ ಮಾನಕ ಬಂತು. ಒಂದು ಜೋಡಿಯಿಂದ ಇನ್ನೊಂದಕ್ಕೆ ಎಷ್ಟು ಸೋರುತ್ತದೆ ಎಂದು ಪೆಟ್ಟಿಗೆಯೇ ಅಳೆದು, ಅದಕ್ಕೆ ವಿರುದ್ಧವಾದ ಸಂಕೇತವನ್ನು ಮೊದಲೇ ಸೇರಿಸಿ ಕಳುಹಿಸುತ್ತದೆ. ಅದಕ್ಕೆ ಗಣನೆಯ ಶಕ್ತಿ ಬೇಕು, ಹೆಚ್ಚು ವಿದ್ಯುತ್ ಬೇಕು, ಆ ಕೇಬಲಿನ ಲೈನುಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿರಬೇಕು, ಮೋಡೆಮ್‌ಗಳಿಗೂ ಆ ಭಾಷೆ ಬರಬೇಕು. 200 ಎಂಬಿಪಿಎಸ್ ಹಂಚಿಕೊಳ್ಳುವ ವಿದ್ಯಾಸಂಸ್ಥೆಗೆ ಅದರ ಅಗತ್ಯ ಕಾಣುವುದಿಲ್ಲ.

ಈಗ ಸೆಲ್ಟ್ ಮತ್ತು ಮೆಲ್ಟ್. ಸೆಲ್ಟ್ ಎಂದರೆ ಡಿಸ್‌ಲ್ಯಾಮ್ ತನ್ನ ತುದಿಯಿಂದಲೇ ತಂತಿಗೆ ಒಂದು ಸಂಕೇತ ಬಿಟ್ಟು, ಮರಳಿ ಬಂದ ಪ್ರತಿಫಲನ ನೋಡಿ ತಂತಿ ಎಷ್ಟು ಉದ್ದ, ಎಲ್ಲಿ ತುಂಡಾಗಿದೆ ಎಂದು ಅಂದಾಜಿಸುವುದು. ಆ ಕಡೆ ಮೋಡೆಮ್ ಇರಬೇಕಾಗಿಲ್ಲ. ಮೆಲ್ಟ್ ಎಂದರೆ ತಂತಿಯ ಮೇಲಿನ ಹೊರ ವೋಲ್ಟೇಜು, ಎರಡು ತಂತಿಗಳ ನಡುವಿನ ಹಾಗೂ ಭೂಮಿಯೊಡನೆ ಇರುವ ರೋಧ, ಧಾರಣಶಕ್ತಿ ಇವನ್ನು ಅಳೆಯುವುದು. ಇದಕ್ಕೆ ಲೈನ್ ಕಾರ್ಡಿನಲ್ಲಿ ಪ್ರತ್ಯೇಕ ಹಾರ್ಡ್‌ವೇರ್ ಬೇಕು, ಫರ್ಮ್‌ವೇರ್ ಬದಲಿಸಿದರೆ ಬರುವಂಥದ್ದಲ್ಲ. ಟೆಲಿಫೋನ್ ಜೋಡಿಯ ಧಾರಣಶಕ್ತಿ ಕಿಲೋಮೀಟರಿಗೆ 50 ನ್ಯಾನೋಫ್ಯಾರಡ್ ಆಸುಪಾಸು. 1.3 ಕಿಲೋಮೀಟರಿನ ಲೈನು 65ರ ಬದಲು 20 ತೋರಿಸಿದರೆ ತಂತಿ 400 ಮೀಟರಿನಲ್ಲಿ ತುಂಡಾಗಿದೆ ಎಂದು ಕುರ್ಚಿಯಲ್ಲಿ ಕುಳಿತೇ ಹೇಳಬಹುದು. ಜಡಿಮಳೆಯಲ್ಲಿ ತೋಟದ ಕಣಿಗಳನ್ನು ದಾಟಿ ಜಾಯಿಂಟ್ ಹುಡುಕುತ್ತ ಅಲೆದವರಿಗೆ ಇದರ ಬೆಲೆ ಗೊತ್ತು. ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೆ ಮೆಲ್ಟ್ ಇದ್ದು ಇನ್ನೊಂದಕ್ಕೆ ವೇಗ ಹೆಚ್ಚಿದ್ದರೆ ನಾನು ಮೆಲ್ಟ್ ಇರುವುದನ್ನೇ ಆರಿಸುತ್ತೇನೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ನೀವೇ ಮಾಡಿ. ಇಂಟರ್‌ಕಾಮ್ ಯಂತ್ರದಿಂದ ಜೋಡಿಯನ್ನು ಕಳಚಿ, ಆ ತುದಿಯಲ್ಲಿ ಎರಡು ತಂತಿಗಳನ್ನು ತಿರುಚಿ ಸೇರಿಸಿ, ಈ ತುದಿಯಲ್ಲಿ ಮಲ್ಟಿಮೀಟರಿನಿಂದ ರೋಧ ಅಳೆಯಿರಿ. ಅರ್ಧ ಮಿಲಿಮೀಟರ್ ತಂತಿಯಾದರೆ ಹೋಗಿಬರುವ ದಾರಿಗೆ ಕಿಲೋಮೀಟರಿಗೆ ಸುಮಾರು 175 ಓಮ್, 0.4 ಮಿಲಿಮೀಟರ್ ಆದರೆ ಸುಮಾರು 275. ಇದು 20 ಡಿಗ್ರಿಯ ಲೆಕ್ಕ. ನಮ್ಮ ಸೆಕೆಗೆ ನೂರಕ್ಕೆ ನಾಲ್ಕರಷ್ಟು ಸೇರಿಸಿಕೊಳ್ಳಿ. ಅದಕ್ಕಿಂತ ಬಹಳ ಹೆಚ್ಚು ಬಂದರೆ ಎಲ್ಲೋ ಜಾಯಿಂಟ್ ತುಕ್ಕು ಹಿಡಿದಿದೆ. ಮಾತಿಗೆ ಸಾಕಾಗುವ ಜಾಯಿಂಟ್ ಇಂಟರ್‌ನೆಟ್‌ಗೆ ಸಾಕಾಗುವುದಿಲ್ಲ.

ಮೀಂಜ ಮಾಸ್ತರ್

ಎಲ್ಲವನ್ನೂ ಆಸಕ್ತಿಯಿಂದ ಓದುತ್ತಿದ್ದೇನೆ. ನಾನಿದ್ದ ಶಾಲೆಯಲ್ಲಿ ರ್‍ಯಾಕಿನೊಳಗಿನ ಉಪಕರಣವೊಂದು ಕಾರಣವೇ ತಿಳಿಯದೆ ಸತ್ತಿತ್ತು. ಬಿಚ್ಚಿ ನೋಡಿದರೆ ಫ್ಯಾನಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಒಳಗೆ ಹಲ್ಲಿಯ ಮೊಟ್ಟೆ. ಇದಕ್ಕೆ ಈ ಪೆಟ್ಟಿಗೆಗಳಲ್ಲಿ ವ್ಯವಸ್ಥೆ ಇರುತ್ತದೆಯೇ?

ಹೊಸದುರ್ಗ ಹಳಬ

ಮಾಸ್ತರರೇ, ಇರುತ್ತದೆ, ಇರಬೇಕು. ಒಂದು ಯೂನಿಟ್ ಎಂದರೆ 44.45 ಮಿಲಿಮೀಟರ್ ಎತ್ತರ. ಅಷ್ಟರೊಳಗೆ 24 ಲೈನಿನ ಬಿಸಿ. ಮೇಲಿಂದ ಕೆಳಗೆ ಗಾಳಿ ಆಡಲು ಜಾಗವಿಲ್ಲದ್ದರಿಂದ ಒಂದು ಪಕ್ಕದಿಂದ ಎಳೆದು ಇನ್ನೊಂದು ಪಕ್ಕಕ್ಕೆ ಬಿಡುತ್ತಾರೆ. ಆದ್ದರಿಂದ ರ್‍ಯಾಕಿನ ಎರಡೂ ಪಕ್ಕ ಖಾಲಿ ಇರಬೇಕು, ಮೇಲೂ ಕೆಳಗೂ ಒಂದೊಂದು ಯೂನಿಟ್ ಬಿಟ್ಟರೆ ಇನ್ನೂ ಒಳ್ಳೆಯದು. ಫ್ಯಾನುಗಳು ಒಂದು ತಟ್ಟೆಯಲ್ಲಿದ್ದು, ಪೆಟ್ಟಿಗೆ ನಡೆಯುತ್ತಿರುವಾಗಲೇ ಹೊರಗೆಳೆದು ಬದಲಿಸುವಂತಿರಬೇಕು. ಫ್ಯಾನ್ ನಿಂತರೆ, ಉಷ್ಣತೆ ಏರಿದರೆ ಎಚ್ಚರಿಕೆ ಕೊಡಬೇಕು. ಹೊರಗಿನ ಗಂಟೆಯನ್ನೋ ಬಾಗಿಲಿನ ಸ್ವಿಚ್ಚನ್ನೋ ಜೋಡಿಸಲು ಹಿಂದೆ ಅಲಾರಂ ತುದಿಗಳಿದ್ದರೆ ಇನ್ನೂ ಅನುಕೂಲ. ಗಾಳಿ ಒಳಬರುವಲ್ಲಿ ಸೋಸುವ ಹಾಳೆ ಇರಬೇಕು, ಅದನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು.

ಫ್ಯಾನೇ ಇಲ್ಲದ, ಮೈಯೆಲ್ಲ ಲೋಹದ ರೆಕ್ಕೆಗಳಿರುವ ಪೆಟ್ಟಿಗೆಗಳೂ ಇವೆ. ಮೈನಸ್ 40ರಿಂದ 65 ಡಿಗ್ರಿ ವರೆಗೆ ತಾಳುವಂತೆ ಹೊರಾಂಗಣಕ್ಕೆ ಮಾಡಿದವು. ಸಿಕ್ಕಿದರೆ ಅದೃಷ್ಟ. ಒಳಗಿನ ಸರ್ಕ್ಯೂಟ್ ಹಲಗೆಗೆ ತೇವ ತಡೆಯುವ ಲೇಪವಿದ್ದರೆ ಜುಲೈ-ಆಗಸ್ಟಿನ ಆಟಿ ತಿಂಗಳ ಥಂಡಿಯಲ್ಲಿ ಅದರ ಉಪಕಾರ ತಿಳಿಯುತ್ತದೆ. ಒಂದು ಅಭ್ಯಾಸ ಹೇಳಿಕೊಡುತ್ತೇನೆ: ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಆರಿಸಿಡಬೇಡಿ. ತನ್ನ ಬಿಸಿಯಲ್ಲೇ ಅದು ಒಣಗಿರುತ್ತದೆ.

ಪೆರ್ಲ ದಾರಿ

ಎಲ್ಲರಿಗೂ ಕೃತಜ್ಞತೆಗಳು. ಹಳಬರು ಹೇಳಿದಂತೆ ರೋಧ ಅಳೆದೆವು. ಅತಿಥಿಗೃಹದ ಒಂದು ಜೋಡಿ 238 ಓಮ್, ಇನ್ನೊಂದು 390. ವಸತಿಗಳ ಜೋಡಿಗಳೆಲ್ಲ 130ರಿಂದ 170ರ ಒಳಗೆ. ಕೇಬಲ್ ಅರ್ಧ ಮಿಲಿಮೀಟರಿನದ್ದೇ ಎಂದು ಹೊರಕವಚದ ಮೇಲಿನ ಬರಹವೂ ಹೇಳುತ್ತದೆ.

ಆಡಳಿತ ಮಂಡಳಿಯಲ್ಲಿ ಮಾತಾಡಿ ಹೀಗೆ ಗೊತ್ತುಮಾಡಿದೆವು. ಹಾಸ್ಟೆಲ್‌ಗೆ ಫೈಬರ್, ಆ ಕೆಲಸವನ್ನು ಉಪ್ಪಳದವರಂಥ ಅನುಭವಿಗಳಿಗೇ ಒಪ್ಪಿಸುತ್ತೇವೆ. ವಸತಿ ಮತ್ತು ಅತಿಥಿಗೃಹಕ್ಕೆ ಡಿಸ್‌ಲ್ಯಾಮ್. ಆದರೆ ಮೊದಲು ನೋಡಿದ ಎರಡೂ ಅಲ್ಲ. ಅದೇ ವ್ಯಾಪಾರಿ ಈಗ ಮೂರನೆಯದನ್ನು ತೋರಿಸಿದ್ದಾರೆ: ಒಂದು ಯೂನಿಟ್, 24 ಪೋರ್ಟ್, ವಿಡಿಎಸ್‌ಎಲ್2 ಮತ್ತು ಎಡಿಎಸ್‌ಎಲ್2+ ಎರಡೂ, ಎಸಿ ಹಾಗೂ ಮೈನಸ್ 48 ಎರಡೂ ಪ್ರವೇಶ, ಎರಡು ಗಿಗಾಬಿಟ್ ಎಸ್‌ಎಫ್‌ಪಿ, ಕಳಚುವ ಫ್ಯಾನ್ ತಟ್ಟೆ, ಸೆಲ್ಟ್ ಮತ್ತು ಮೆಲ್ಟ್. ಕನೆಕ್ಟರುಗಳೆಲ್ಲ ಮುಂಭಾಗದಲ್ಲಿವೆ. ಮುಂದೆ 50 ಪಿನ್ನಿನ ಎರಡು ಅಗಲ ಕನೆಕ್ಟರುಗಳು: ಒಂದರ ಮೇಲೆ ಲೈನ್, ಇನ್ನೊಂದರ ಮೇಲೆ ಫೋನ್ ಎಂದಿದೆ. ಸ್ಪ್ಲಿಟರ್ ಒಳಗೇ ಇದೆ ಎಂದರ್ಥವೇ? ಹಾಗಿದ್ದರೆ ಪೆಟ್ಟಿಗೆ ಕೆಟ್ಟಾಗ ಇಂಟರ್‌ಕಾಮ್ ಕೂಡ ನಿಲ್ಲುತ್ತದೆಯೇ? ರಾತ್ರಿ ಹೊತ್ತು ವಸತಿಯಲ್ಲಿ ಯಾರಿಗಾದರೂ ಅಸೌಖ್ಯವಾದರೆ ನಮಗೆ ಆಧಾರ ಅದೊಂದೇ. ತೋಟದ ತಗ್ಗಿನಲ್ಲಿ ಮೊಬೈಲ್ ಸಂಕೇತ ಸಿಗುವುದಿಲ್ಲ.

ಹೊಸದುರ್ಗ ಹಳಬ

ಕನೆಕ್ಟರುಗಳು ಮುಂದಿರುವುದು ದೂರಸಂಪರ್ಕ ಉಪಕರಣದ ಲಕ್ಷಣ. ಗೋಡೆಗೆ ಆನಿಸಿದ ರ್‍ಯಾಕಿನಲ್ಲೂ ಕೆಲಸ ಮಾಡಬಹುದು. 50 ಪಿನ್ನಿನಲ್ಲಿ 25 ಜೋಡಿಗೆ ಜಾಗವಿದೆ, 24 ಬಳಕೆಯಾಗುತ್ತವೆ. ಲೈನ್ ಎಂಬುದು ಎಂಡಿಎಫ್‌ನ ಹೊರ ಕೇಬಲ್ ಬದಿಗೆ, ಫೋನ್ ಎಂಬುದು ನಿಮ್ಮ ಇಂಟರ್‌ಕಾಮ್ ಯಂತ್ರಕ್ಕೆ.

ಸ್ಪ್ಲಿಟರ್ ಎಂದರೆ ಸುರುಳಿ ಮತ್ತು ಕೆಪಾಸಿಟರುಗಳ ಜಾಲ. ಮಾತಿನ 300ರಿಂದ 3400 ಹರ್ಟ್ಸ್ ಅದನ್ನು ದಾಟಿ ಹೋಗುತ್ತದೆ, 25 ಕಿಲೋಹರ್ಟ್ಸ್‌ಗಿಂತ ಮೇಲಿನ ಡಿಎಸ್‌ಎಲ್ ಸಂಕೇತ ಫೋನಿನ ಕಡೆಗೆ ಹೋಗದು. ಅದಕ್ಕೆ ವಿದ್ಯುತ್ ಬೇಡ. ಪೆಟ್ಟಿಗೆ ಆರಿದರೂ, ಒಳಗಿನ ಚಿಪ್ ಸುಟ್ಟರೂ, ಇಂಟರ್‌ಕಾಮ್ ಯಂತ್ರಕ್ಕೆ ವಿದ್ಯುತ್ ಇರುವ ತನಕ ಫೋನು ನಡೆಯುತ್ತದೆ. ಪೆಟ್ಟಿಗೆಯನ್ನೇ ದುರಸ್ತಿಗೆ ಬಿಚ್ಚಿ ಒಯ್ದರೆ ಮಾತ್ರ ನಿಲ್ಲುತ್ತದೆ. ಆಗ ಎರಡು 50 ಪಿನ್ ಕೇಬಲುಗಳನ್ನು ಒಂದಕ್ಕೊಂದು ನೇರ ಸೇರಿಸಲು ತುದಿಗೆ ತುದಿ ಸೇರುವ ಒಂದು ಜೋಡಣೆಯನ್ನು ಈಗಲೇ ಮಾಡಿಸಿ ರ್‍ಯಾಕಿನೊಳಗೆ ಕಟ್ಟಿಡಿ.

ಫೋನುಗಳನ್ನು ಉಳಿಸಿಕೊಳ್ಳುವುದರಿಂದ ಇನ್ನೊಂದು ಲಾಭವಿದೆ. ಡಿಸಿ ಹರಿಯದ ಒಣ ಜೋಡಿಯಲ್ಲಿ ಜಾಯಿಂಟುಗಳ ಮೇಲೆ ಮೆಲ್ಲಗೆ ಆಕ್ಸೈಡ್ ಪದರ ಕಟ್ಟಿ ಲೈನು ಆಗಾಗ ಕಡಿಯತೊಡಗುತ್ತದೆ. ರಿಸೀವರ್ ಎತ್ತಿದಾಗ ಹರಿಯುವ ಸಣ್ಣ ಪ್ರವಾಹ ಆ ಪದರವನ್ನು ಒಡೆಯುತ್ತದೆ. ಇಂಟರ್‌ನೆಟ್ ಬಂತೆಂದು ಯಾವ ವಸತಿಯ ಫೋನನ್ನೂ ಕಳಚಬೇಡಿ.

390 ಓಮಿನ ಜೋಡಿಯನ್ನು ಬಳಸಬೇಡಿ, ಅದರಲ್ಲಿ ಜಾಯಿಂಟ್ ಕೆಟ್ಟಿದೆ. 238 ನಿಮ್ಮ ದೂರಕ್ಕೆ ಹೇಳಿ ಬರೆಸಿದಷ್ಟು ಸರಿಯಾಗಿದೆ.

ಉಪ್ಪಳ ಫೈಬರ್

ಹಾಸ್ಟೆಲ್‌ಗೆ ಫೈಬರ್ ಎಂಬ ತೀರ್ಮಾನ ಸಂತೋಷ ತಂದಿತು. ಎಳೆಯುವಾಗ ಉಕ್ಕಿನ ತಂತಿ ಇರುವ ಕೇಬಲ್ ಬೇಡ, ಪೂರ್ತಿ ಲೋಹರಹಿತವಾದದ್ದನ್ನೇ ಕೇಳಿ. ಲೋಹವಿದ್ದರೆ ಫೈಬರಿನ ಜೊತೆಗೇ ಸಿಡಿಲೂ ಕಟ್ಟಡದೊಳಗೆ ಬರುತ್ತದೆ. ವಸತಿಗಳ ಕಡೆಯೂ ಮುಂದೆ ಎಂದಾದರೂ ನೀರಿನ ಪೈಪಿಗೆ ಚರಂಡಿ ತೋಡಿದರೆ ಒಂದು ಖಾಲಿ ಪಿವಿಸಿ ಪೈಪನ್ನೂ ಹೂಳಿಸಿಬಿಡಿ. ಮುರಕಲ್ಲನ್ನು ಎರಡು ಸಲ ಕಡಿಯಬೇಕಾಗುವುದಿಲ್ಲ.

ಕುಂಬಳೆ ಕಡಲು

ವಿದ್ಯುತ್ ಹೋದಾಗ ಡಿಸ್‌ಲ್ಯಾಮ್ ಒಂದೇ ಉಳಿದರೆ ಸಾಲದು. ಕಚೇರಿಯ ಫೈಬರ್ ಪೆಟ್ಟಿಗೆ, ಸ್ವಿಚ್, ರೂಟರ್ ಇವಕ್ಕೂ ಬ್ಯಾಟರಿ ಬೇಕು. ವಸತಿಗಳಲ್ಲಿ ಮೋಡೆಮ್‌ಗೆ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿಸಿ. ಪೆಟ್ಟಿಗೆ ಕೈಗೆ ಬಂದ ದಿನವೇ ಹಣ ಕೊಡಬೇಡಿ. ವ್ಯಾಪಾರಿಯ ಎದುರಿನಲ್ಲೇ ಕನ್ಸೋಲ್ ಜೋಡಿಸಿ, 24 ಪೋರ್ಟುಗಳಲ್ಲಿ ಒಂದೊಂದಕ್ಕೂ ಅದೇ ಮೋಡೆಮ್ ಹಚ್ಚಿ ಸಂಪರ್ಕ ಹಿಡಿಯುತ್ತದೆಯೇ ನೋಡಿ. ಸಿಡಿಲು ತಿಂದ ಹಳೆಯ ಪೆಟ್ಟಿಗೆಗಳಲ್ಲಿ ನಾಲ್ಕಾರು ಪೋರ್ಟ್ ಸತ್ತಿರುವುದು ಸಾಮಾನ್ಯ. ಹಾಗಿದ್ದರೆ ಬೆಲೆ ಇಳಿಸಿ ಕೇಳಬಹುದು, ನಿಮಗೆ ಹೇಗೂ 24 ಬೇಕಾಗಿಲ್ಲ. ಮೆಲ್ಟ್ ಪರೀಕ್ಷೆಯನ್ನೂ ಅಲ್ಲಿಯೇ ಓಡಿಸಿ ನೋಡಿ. ವಿವರಪಟ್ಟಿಯಲ್ಲಿ ಬರೆದಿದ್ದರೂ ಆ ಹಾರ್ಡ್‌ವೇರ್ ಇಲ್ಲದ ಮಾದರಿ ಬಂದಿರಬಹುದು.

ಪೆರ್ಲ ದಾರಿ

ಖಂಡಿತ ಹಾಗೆಯೇ ಮಾಡುತ್ತೇವೆ. ಭೂಸಂಪರ್ಕದ ಗುಂಡಿಯ ಕೆಲಸ ಈ ವಾರ ಶುರುವಾಗುತ್ತದೆ, ಎಂಡಿಎಫ್‌ಗೆ ಮೂರು ತುದಿಯ ರಕ್ಷಕಗಳನ್ನು ತರಿಸಲು ಹೇಳಿದ್ದೇನೆ. ಪೆಟ್ಟಿಗೆ ಪರೀಕ್ಷಿಸಲು ಮಂಗಳೂರಿಗೆ ಹೋಗುವಾಗ ನಮ್ಮ ಇಂಟರ್‌ಕಾಮ್ ನೋಡಿಕೊಳ್ಳುವ ಲೈನ್‌ಮ್ಯಾನ್ ಅಣ್ಣನನ್ನೂ ಕರೆದುಕೊಂಡು ಹೋಗುತ್ತೇನೆ. ಲೈನುಗಳು ಹಿಡಿದ ಮೇಲೆ ಪೋರ್ಟಿನಿಂದ ಪೋರ್ಟಿಗೆ ಸಿಕ್ಕ ವೇಗ ಮತ್ತು ರೋಧದ ಪಟ್ಟಿಯನ್ನು ಇಲ್ಲಿಯೇ ಹಾಕುತ್ತೇನೆ, ಇದೇ ಸ್ಥಿತಿಯಲ್ಲಿರುವ ಬೇರೆ ಸಂಸ್ಥೆಯವರಿಗೂ ಉಪಯೋಗವಾಗಲಿ.